‘ಕೊಡಲ್ಲ’ ಅಂದು ಕಳಿಸಿದ ಮೂರನೇ ದಿನ

ಕಲಬುರಗಿ ಗಂಜ್ (ಕಾಳು-ಕಡಿ ಮಾರುಕಟ್ಟೆ) ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ತೊಗರಿ ಸೀಸನ್‌ನಲ್ಲಿ ಹಮಾಲರು ಸೊಂಟ ಹಿಡಿದುಕೊಂಡೇ ಬರುತ್ತಾರೆ. ಅವರಲ್ಲೊಬ್ಬ ಕಾಕಾಗೆ ಡಾಕ್ಟರ್ ಐದು ದಿನಕ್ಕೆ ಟ್ರಮಡಾಲ್ ಅನ್ನೋ ನೋವಿನ ಗುಳಿಗೆ ಬರೆದಿದ್ದರು. ಕಾಕಾ ಅದೇ ಚೀಟಿ ಅಂಗಡಿ ಅಂಗಡಿಗೆ ತೋರಿಸುತ್ತಾ ಆರು ತಿಂಗಳು ಕಳೆದಿದ್ದರು. ಚೀಟಿ ಮಡಿಕೆಯಲ್ಲೇ ಹರಿದಿತ್ತು.

ನಾನು ಕೊಡಲ್ಲ ಅಂದೆ. ಕಾನೂನು ಪ್ರಕಾರ ಸರಿಯೇ. 2014ರಿಂದ ಟ್ರಮಡಾಲ್ ಶೆಡ್ಯೂಲ್ ಎಚ್1 ಔಷಧಿ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಯಾರು ಬರೆದರು, ಯಾರಿಗೆ ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರಲ್ಲಿ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯೊಳಗೂ ಬಂತು. ಆದರೆ ಸುಮ್ನೆ ಇಲ್ಲ ಅಂದು ಕಳಿಸಿದ್ದು ನನ್ನ ತಪ್ಪು.

ಮೂರನೇ ದಿನ ಮತ್ತೆ ಬಂದರು. ಮೂಗು ಸೋರುತ್ತಿತ್ತು, ಮೇಲಿಂದ ಮೇಲೆ ಆಕಳಿಕೆ, ಮೈಯೆಲ್ಲ ಬೆವರು, ಆದರೂ ತೋಳಿನ ಮೇಲೆ ಚಳಿ ಹಿಡಿದವರ ಹಾಗೆ ಕೂದಲು ನಿಂತಿದ್ದವು. “ಬೆನ್ನ ಈಗ ಅಷ್ಟ ನೋಯಂಗಿಲ್ಲಪ್ಪ, ಗುಳಿಗಿ ಇಲ್ಲಂದ್ರ ಮೈಯಾಗ ಜೀವಾನೇ ಇಲ್ದಂಗ ಆಗ್ತದ” ಅಂದರು. ನೋವು ಇಳಿದರೂ ಗುಳಿಗಿ ಬೇಕೇ ಬೇಕು ಅನಿಸುತ್ತಿದೆ ಅಂದರೆ ಅಭ್ಯಾಸ ಒಳಗೆ ಇಳಿದಿದೆ ಅಂತಲೇ ಅರ್ಥ. ಟ್ರಮಡಾಲ್ ಅಫೀಮಿನ ಹಾಗೆ ಕೆಲಸ ಮಾಡುತ್ತದೆ, ಜೊತೆಗೆ ಮೆದುಳಿನಲ್ಲಿ ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಅನ್ನೋ ರಾಸಾಯನಿಕವನ್ನೂ ಏರಿಸುತ್ತದೆ, ಹಾಗಾಗಿ ಒಮ್ಮೆಲೇ ನಿಲ್ಲಿಸಿದರೆ ಕಷ್ಟ ಎರಡೂ ಕಡೆಯಿಂದ ಬರುತ್ತದೆ. ಜಾಸ್ತಿ ನುಂಗಿದರೆ ಫಿಟ್ಸ್ ಬರಬಹುದು. ಶೆರೆ (ಮದ್ಯ) ಸೇರಿದರೆ ಉಸಿರೇ ನಿಧಾನವಾಗಿಬಿಡುತ್ತದೆ.

ಅವತ್ತೇ ನನ್ನ ಬೈಕಿನಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ದಿನಕ್ಕೆ 50 ಮಿಲಿಗ್ರಾಂನ ನಾಲ್ಕು ಅಂತ ಕಾಕಾ ಅಲ್ಲಿ ಒಪ್ಪಿಕೊಂಡರು. ಎರಡು ವಾರಕ್ಕೊಂದರಂತೆ ಕಡಿಮೆ ಮಾಡೋಣ ಅಂತ ಡಾಕ್ಟರ್ ಹೊಸ ಚೀಟಿ ಬರೆದರು (ಇದು ಆ ಒಬ್ಬರಿಗೆ ಹಾಕಿದ ಲೆಕ್ಕ, ನೋಡಿಕೊಂಡು ನೀವೇ ಮಾಡಬೇಡಿ). ನಾನು ವಾರಕ್ಕೆ ಸಾಕಾಗುವಷ್ಟೇ ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದೆ. ಖಾಲಿ ಸ್ಟ್ರಿಪ್ ತಂದರೆ ಮಾತ್ರ ಮುಂದಿನದು. ಸ್ಟ್ರಿಪ್ ಅವರ ಹೆಂಡತಿ ಕಾಕಿಯ ಕೈಯಲ್ಲೇ ಇರುತ್ತಿತ್ತು.

ಮೊದಲ ಮೂರು ಬಿಡುವುದು ಅಷ್ಟು ಕಷ್ಟ ಆಗಲಿಲ್ಲ. ರಾತ್ರಿಯ ಕೊನೆಯದೊಂದಕ್ಕೇ ಒಂದು ತಿಂಗಳು ಹಿಡಿಯಿತು, ಆಗ ಡಾಕ್ಟರೂ ಅವಸರ ಮಾಡಲಿಲ್ಲ.

ಮೆಡಿಕಲ್ ಅಂಗಡಿಯವರಿಗೆ ಇನ್ನೊಂದು ಮಾತು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರನ್ನು ಅಭ್ಯಾಸವಾಗಿಬಿಡುತ್ತದೆ ಅಂತ ಹೇಳಿ ಹೆದರಿಸಬೇಡಿ, ಅವರಿಗೆ ಅದು ಬೇಕು. ಉಳಿದವರ ಹೆಸರು ಎಚ್1 ರಿಜಿಸ್ಟರ್‌ನಲ್ಲಿ ಮತ್ತೆ ಮತ್ತೆ ಕಂಡರೆ ನಾನೀಗ ಸ್ಟೂಲ್ ಕೊಟ್ಟು ಕೂರಿಸಿ, “ನೋವಿಗೆ ನುಂಗ್ತೀರೋ, ನುಂಗದಿದ್ರೆ ಆಗಲ್ಲ ಅಂತ ನುಂಗ್ತೀರೋ?” ಅಂತ ಕೇಳುತ್ತೇನೆ. ಬಹಳ ಜನ ಉತ್ತರ ಹೇಳುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.