ಅಮೆರಿಕದ ಪ್ರಜೆ ಆಗೋ ಮೊದಲು ಊರಿನ ಪಹಣಿ ತೆಗೆಸಿ ನೋಡಿ

ಮಂಡ್ಯ ಜಿಲ್ಲೆಯ ಕಂದಾಯ ಇಲಾಖೆಯಲ್ಲೇ ತಲೆ ಹಣ್ಣಾದವನು ನಾನು. ನಿವೃತ್ತಿಯಾಗಿ ಮದ್ದೂರಲ್ಲಿ ಕೂತಿದ್ರೂ ಅಮೆರಿಕದಿಂದ ಹುಡುಗರ ಫೋನ್ ಬರ್ತಾನೇ ಇರುತ್ತೆ: "ಮಾವ, ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕ್ತಿದೀನಿ, ಜಮೀನಿನ ಗತಿ ಏನು?" ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೀತಿದೀನಿ.

ಅಲ್ಲಿನ ಕೆಲಸ ಸಲೀಸು. ಗ್ರೀನ್ ಕಾರ್ಡ್, ಅಂದ್ರೆ ಅಲ್ಲಿ ಕಾಯಂ ವಾಸದ ಪರವಾನಗಿ, ಸಿಕ್ಕಿ ಐದು ವರ್ಷ ಆಗಿರಬೇಕು, ಅದರಲ್ಲಿ ಅರ್ಧ ಕಾಲವಾದರೂ ಅಲ್ಲೇ ಇದ್ದಿರಬೇಕು. ಪೌರತ್ವಕ್ಕೆ ಎನ್-400 ಅನ್ನೋ ಅರ್ಜಿ, ಬೆರಳಚ್ಚು, ಇಂಗ್ಲಿಷು ಮತ್ತು ಅಲ್ಲಿನ ಚರಿತ್ರೆಯ ಪರೀಕ್ಷೆ, ಪ್ರಮಾಣವಚನ, ಮುಗೀತು. ಅಪ್ಪನಿಗೆ ಹುಷಾರಿಲ್ಲ ಅಂತ ಬಂದವರು ಒಂದೇ ಸಲಕ್ಕೆ ಆರು ತಿಂಗಳು ದಾಟಿಸಿದರೆ ಮಾತ್ರ, ಅಲ್ಲಿನ ವಾಸ ಬಿಟ್ಟಿಲ್ಲ ಅಂತ ನೀವೇ ರುಜುವಾತು ಕೊಡಬೇಕಾಗುತ್ತೆ.

ಆ ಅರ್ಜಿಯಲ್ಲಿ ಹೆಸರು ಬದಲಿಸಿಕೊಳ್ಳೋ ಅವಕಾಶವೂ ಇದೆ. ಬಾಯಿಗೆ ಸಲೀಸಾಗಲಿ ಅಂತ ಅಪ್ಪನ ಹೆಸರು ಕತ್ತರಿಸಿಬಿಡಬೇಡಿ. ಪಹಣಿಯಲ್ಲಿ ನೀವು ಇಂಥವರು 'ಬಿನ್ ಲಿಂಗೇಗೌಡ', ಅಂದ್ರೆ ಲಿಂಗೇಗೌಡರ ಮಗ; ನಾಳೆ ಸಬ್‌ರಿಜಿಸ್ಟ್ರಾರ್ ಮುಂದೆ ಆ ಮನುಷ್ಯನೇ ಈ ಮನುಷ್ಯ ಅಂತ ಅಫಿಡವಿಟ್ ಹಿಡ್ಕೊಂಡು ನಿಲ್ಲಬೇಕು.

ಪ್ರಮಾಣ ಮಾಡಿದ ದಿನವೇ, 1955ರ ಪೌರತ್ವ ಕಾಯ್ದೆಯ ಸೆಕ್ಷನ್ 9ರಂತೆ, ಇಲ್ಲಿನ ಪೌರತ್ವ ಹೋಯ್ತು. ಹಳೇ ಪಾಸ್‌ಪೋರ್ಟಲ್ಲಿ ಓಡಾಡೋ ಹಾಗಿಲ್ಲ. ಒಪ್ಪಿಸಿ, ಸರೆಂಡರ್ ಸರ್ಟಿಫಿಕೇಟ್ ತಗೊಂಡು, ಆಮೇಲೆ ಓಸಿಐ ಕಾರ್ಡು, ಅಂದ್ರೆ ಭಾರತದ ಸಾಗರೋತ್ತರ ನಾಗರಿಕ ಅನ್ನೋ ಗುರುತು. ಬರೋಕೆ ವೀಸಾ ಬೇಕಿಲ್ಲ, ವೋಟು ಹಾಕೋಕಾಗಲ್ಲ.

ಇನ್ನು ಗದ್ದೆ. ವಾರಸುದಾರಿಕೆಯಲ್ಲಿ ಬಂದದ್ದನ್ನ ಯಾರೂ ಕಿತ್ಕೊಳ್ಳಲ್ಲ. ಹೊಸದಾಗಿ ಕೃಷಿ ಜಮೀನು ಕೊಳ್ಳೋಕೆ ಮಾತ್ರ ಆಗಲ್ಲ. ಅಪ್ಪ ಪ್ರೀತಿಯಿಂದ ದಾನಪತ್ರ ಬರೀತೀನಿ ಅಂದ್ರೂ ನಡೆಯಲ್ಲ, ವಿಲ್ ಬರೆಸಿ. ಮಾರಿದರೆ ಇಲ್ಲೇ ವಾಸವಿರೋ ಭಾರತದ ಪ್ರಜೆಗೇ ಮಾರಬೇಕು. ನಮ್ಮ ಕಡೆ ಅರ್ಧ ಪಹಣಿಗಳು ಇನ್ನೂ ತೀರಿಹೋದ ತಾತಂದಿರ ಹೆಸರಲ್ಲೇ ಇರ್ತವೆ. ಆದ್ದರಿಂದ ರಜಕ್ಕೆ ಬಂದಾಗ ಬೀಗರ ಊಟ ಒಂದೆರಡು ಬಿಟ್ಟು ನಾಡಕಚೇರಿಗೆ ಹೋಗಿ. ವಂಶವೃಕ್ಷ, ತೀರಿಹೋದವರ ಖಾತೆಯನ್ನ ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆ, ಭಾಗ ಆಗಿದ್ರೆ ಅವರವರ ಪಾಲು ಅಳೆದು ಬೇರೆ ಮಾಡಿಸೋ ಪೋಡಿ, ಎಲ್ಲ ಮುಗಿಸಿ. ಅಣ್ಣ ನೋಡ್ಕೊಳ್ಳಲಿ ಅಂತ ಅಲ್ಲಿಂದ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕಳಿಸಿದರೆ, ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಅದು ನೆನಪಾಗೋದು ಸಾಮಾನ್ಯವಾಗಿ ಜಗಳ ಶುರುವಾದ ಮೇಲೆ.

ಗ್ರೀನ್ ಕಾರ್ಡಿಗೇ ಕಾಯ್ತಿರೋರ ಸಂಕಟ ಬೇರೆ. ಉದ್ಯೋಗದ ಲೆಕ್ಕದಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ, ಭಾರತಕ್ಕೂ ಅಷ್ಟೇ, ಅಂಗೈಯಗಲದ ದೇಶಕ್ಕೂ ಅಷ್ಟೇ. ನಮ್ಮ ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಲ್ಲಿ ಅರ್ಧ ಎಕರೆಗೂ ನೂರು ಎಕರೆಗೂ ಒಂದೇ ಗಂಟೆ ನೀರು ಬಿಟ್ಟ ಹಾಗೆ. ಇದು ನ್ಯಾಯ ಅಂತ ನಾನು ಒಪ್ಪಲ್ಲ. ಹಾಗಂತ ಏಜೆಂಟನಿಗೆ ಲಕ್ಷಗಟ್ಟಲೆ ಸುರಿದು ಕಳ್ಳದಾರೀಲಿ ನುಗ್ಗೋದನ್ನೂ ಒಪ್ಪಲ್ಲ. ನೆಟ್ಟಗೆ ಸರತಿಯಲ್ಲಿ ನಿಂತವರ ಹೆಸರೂ ಅದರಿಂದ ಕೆಡುತ್ತೆ.

ಪ್ರಜೆ ಆದಮೇಲೆ, ನಿಮಗೆ 21 ತುಂಬಿದ್ರೆ, ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಅವರಿಗೆ ಸರತಿ ಇಲ್ಲ. ಅಣ್ಣನಿಗೆ ಹಾಕಿದ್ರೆ ಹದಿನೈದು ವರ್ಷಕ್ಕೂ ಮೇಲೆ ಕಾಯಬೇಕು. ಅವನನ್ನ ಕರೆಸಿಕೊಳ್ತೀನಿ ಅಂತ ಈಗಲೇ ಗದ್ದೆ ಮಾರಿಸಬೇಡಿ.