ಏರ್ ಪಿಸ್ತೂಲ್ ಕಲಿಯಬೇಕೇ? ಮೊದಲು ಗೋಡೆಯ ಮುಂದೆ ನಿಲ್ಲಿ

ಪಿಸ್ತೂಲ್ ಕೊಳ್ಳಲು ಅವಸರ ಮಾಡಬೇಡಿ. ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದು ನೆನಪಿರಲಿ. ಪಂದ್ಯಕ್ಕೆ ತಕ್ಕ ಏರ್ ಪಿಸ್ತೂಲಿನ ಬೆಲೆ ಒಂದು ಲಕ್ಷ ರೂಪಾಯಿ ದಾಟುತ್ತದೆ. ಸ್ಟೈಯರ್, ಮೊರಿನಿ, ವಾಲ್ಥರ್, ಫೈನ್‌ವರ್ಕ್‌ಬೌ, ಎಲ್ಲವೂ ಹೊರದೇಶದ ಮಾಲು. ಅಷ್ಟು ದುಡ್ಡು ಹೊಂದಿಸುವವರೆಗೆ ಕಾಯಬೇಕು ಎಂದುಕೊಂಡು ಮೈಸೂರು, ಮಂಡ್ಯ ಕಡೆಯ ಮಕ್ಕಳು ಆಸೆಯನ್ನೇ ಕೈಬಿಡಬಾರದು. ಯಾಕೆಂದರೆ ಈ ಆಟದ ಬಹುಪಾಲು ಪಾಠ ನಡೆಯುವುದು ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಸೀಸದ ಗುಂಡು) ಇಲ್ಲದೆ, ಮನೆಯ ಬಿಳಿ ಗೋಡೆಯ ಮುಂದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಎಲ್ಲರಿಗೂ ಗೊತ್ತು. ನಮ್ಮ ರಾಜ್ಯದವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ತಂದರು. ದಿವ್ಯಾ ಟಿ.ಎಸ್. 2023ರ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು.

ಆಟದ ಲೆಕ್ಕ

10 ಮೀಟರ್ ದೂರ. 4.5 ಮಿಲಿಮೀಟರ್ ಪೆಲೆಟ್. ಒಂದೇ ಕೈಯಲ್ಲಿ ಹಿಡಿದು, ನಿಂತು ಹೊಡೆಯಬೇಕು. ಟಾರ್ಗೆಟ್‌ನ ನಡುವಿನ ಕಪ್ಪು ವೃತ್ತ 59.5 ಮಿಲಿಮೀಟರ್ ಅಗಲ. ಅದರೊಳಗೆ 10 ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, ಟ್ರಿಗರ್ ತೂಕ, ಅಂದರೆ ಅದನ್ನು ಒತ್ತಲು ಬೇಕಾದ ಬಲ, 500 ಗ್ರಾಂಗಿಂತ ಕಡಿಮೆ ಇರಬಾರದು.

ಅರ್ಹತಾ ಸುತ್ತಿನಲ್ಲಿ 60 ಹೊಡೆತ, 75 ನಿಮಿಷ. ಅದಕ್ಕೂ ಮೊದಲು ತಯಾರಿಗೆ ಮತ್ತು ಲೆಕ್ಕಕ್ಕಿಲ್ಲದ ಸೈಟರ್ ಹೊಡೆತಗಳಿಗೆ 15 ನಿಮಿಷ. ಒಟ್ಟು 600 ಅಂಕ. ಪ್ಯಾರಿಸ್‌ನಲ್ಲಿ ಮನು 580 ಗಳಿಸಿ ಫೈನಲ್‌ಗೆ ಹೋದರು. ಫೈನಲ್‌ನಲ್ಲಿ ಎಂಟೇ ಜನ, ಅಂಕ ದಶಮಾಂಶದಲ್ಲಿ, ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9. ಅಲ್ಲಿ 221.7 ಅಂಕಕ್ಕೆ ಮನು ಓಟ ನಿಂತಿತು. ಬೆಳ್ಳಿ ಗೆದ್ದ ಕೊರಿಯಾದ ಕಿಮ್ ಯೆಜಿ ಆಗ ಮುಂದಿದ್ದದ್ದು ಬರೀ 0.1 ಅಂಕದಿಂದ.

ರೇಂಜ್‌ಗೆ ಹೋಗುವ ಮೊದಲ ದಿನ

ತಮ್ಮದೇ ಪಿಸ್ತೂಲ್ ಇಟ್ಟುಕೊಂಡು ಕಲಿಸುವ ರೇಂಜ್‌ನಲ್ಲೇ (ಶೂಟಿಂಗ್ ಅಭ್ಯಾಸದ ಜಾಗ) ಶುರು ಮಾಡಿ. ಸೇರುವ ಮೊದಲು ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ಕೋಚ್ ಮಕ್ಕಳಿಗೆ ಮೊದಲು ಸುರಕ್ಷತೆ ಹೇಳಿಕೊಡುತ್ತಾರಾ, ಇಲ್ಲ ನೇರವಾಗಿ ಪೆಲೆಟ್ ತುಂಬಿಸಿ ಕೈಗೆ ಕೊಡುತ್ತಾರಾ? ಎರಡನೆಯದಾದರೆ ಅಲ್ಲಿಂದ ಎದ್ದು ಬನ್ನಿ.

ನಿಯಮಗಳು ಕಡಿಮೆ, ಆದರೆ ಒಂದರಲ್ಲೂ ರಿಯಾಯಿತಿ ಇಲ್ಲ. ನಳಿಗೆಯ ಬಾಯಿ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು. ಹೊಡೆಯುವ ಗಳಿಗೆವರೆಗೆ ಬೆರಳು ಟ್ರಿಗರ್ ಹೊರಗೆ. ಪಿಸ್ತೂಲ್ ಕೆಳಗಿಟ್ಟಾಗ ಖಾಲಿ ಎಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ಅದರಲ್ಲಿರಬೇಕು. 'ಸ್ಟಾಪ್' ಎಂಬ ಆದೇಶ ಬಂದರೆ ಅರ್ಧ ಒತ್ತಿದ ಟ್ರಿಗರನ್ನೂ ಬಿಟ್ಟುಬಿಡಬೇಕು. ಪೆಲೆಟ್ ಸೀಸದ್ದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ.

4.5 ಮಿಲಿಮೀಟರ್ ಏರ್ ಪಿಸ್ತೂಲಿನ ಶಕ್ತಿ 20 ಜೂಲ್ ಒಳಗಿದ್ದರೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಹಾಗಂತ ಮಹಡಿಯ ಮೇಲೆ ಡಬ್ಬ ಇಟ್ಟು ಹೊಡೆಯುವುದು, ಕಬ್ಬಿನ ಗದ್ದೆ ಬದುವಿನಲ್ಲಿ ಹಕ್ಕಿಗೆ ಗುರಿ ಇಡುವುದು ಬೇಡವೇ ಬೇಡ. ಕೊಕ್ಕರೆ ಬೆಳ್ಳೂರಿನ ಜನ ಹಕ್ಕಿಗಳನ್ನು ಮನೆಮಕ್ಕಳಂತೆ ಕಾಯುವ ಜಿಲ್ಲೆ ಮಂಡ್ಯ. ಈ ಆಟ ಕಾಗದದ ಗುರಿಯದ್ದು, ಅಷ್ಟೇ. ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ಬರುವವರು ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಖರೀದಿ ಬಿಲ್ಲು, ಗುರುತಿನ ಚೀಟಿ ಜೊತೆಗಿರಲಿ. ದಾರಿಯಲ್ಲಿ ಯಾರು ಕೇಳಿದರೂ ತೆಗೆದು ತೋರಿಸಬೇಡಿ.

ನಿಲ್ಲುವುದು, ಹಿಡಿಯುವುದು

ಪಾದಗಳ ನಡುವೆ ಭುಜದಷ್ಟು ಅಂತರ. ಮೈ ಟಾರ್ಗೆಟ್‌ಗೆ ಬಹುತೇಕ ಪಕ್ಕಕ್ಕೆ. ಖಾಲಿ ಕೈ ಪ್ಯಾಂಟಿನ ಜೇಬಿನಲ್ಲಿ. ಈಗ ಕಣ್ಣು ಮುಚ್ಚಿ ಕೈ ಎತ್ತಿ, ನಿಧಾನಕ್ಕೆ ಕಣ್ಣು ತೆರೆಯಿರಿ. ಕೈ ಟಾರ್ಗೆಟ್‌ನ ಎಡಕ್ಕೋ ಬಲಕ್ಕೋ ಹೋಗಿದ್ದರೆ ಕೈಯನ್ನು ಎಳೆದು ತರಬೇಡಿ. ಹಿಂದಿನ ಪಾದವನ್ನು ಸ್ವಲ್ಪ ಸರಿಸಿ, ಮತ್ತೆ ನೋಡಿ. ಎಳೆದು ತಂದ ಕೈ ಟ್ರಿಗರ್ ಒತ್ತುವಾಗ ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ. ಕಣಕಾಲಿನ ಗಂಟು ಮುಚ್ಚುವ ಶೂ ಪಂದ್ಯದಲ್ಲಿ ನಡೆಯುವುದಿಲ್ಲ. ಹಾಗಾಗಿ ಮೊದಲಿಂದಲೇ ಸಾದಾ, ಚಪ್ಪಟೆ ತಳದ ಶೂ ಅಭ್ಯಾಸವಾಗಲಿ.

ಹಿಡಿತದ ಬಲ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನಿಂದ ಬರಬೇಕು. ಹೆಬ್ಬೆರಳಿಗೆ ಕೆಲಸವಿಲ್ಲ. ಮಣಿಕಟ್ಟು ಬಿಗಿ. ತೋರುಬೆರಳು ಮಾತ್ರ ಬೇರೆಯವರ ಕೈಯದೋ ಎಂಬಷ್ಟು ಸ್ವತಂತ್ರವಾಗಿರಬೇಕು.

ಕಣ್ಣು ಎಲ್ಲಿರಬೇಕು?

ಹೊಸಬರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ಗುರಿ ಎಂದರೆ ಟಾರ್ಗೆಟ್ ನೋಡುವುದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಪಿಸ್ತೂಲಿನಲ್ಲಿ ಹಾಗಲ್ಲ. ನೋಡಬೇಕಾದದ್ದು ನಳಿಗೆಯ ತುದಿಯಲ್ಲಿರುವ ಫ್ರಂಟ್ ಸೈಟ್, ಅಂದರೆ ಗುರಿ ಹಿಡಿಯಲು ಇರುವ ಮುಂದಿನ ಮೊನೆ. ಅದು ಹಿಂದಿನ ಸೈಟಿನ ಕಿಂಡಿಯ ನಡುವೆ ಕೂರಬೇಕು. ಎರಡೂ ಪಕ್ಕ ಬೆಳಕಿನ ಗೆರೆ ಒಂದೇ ಅಗಲ, ತಲೆಗಳೆರಡೂ ಒಂದೇ ಮಟ್ಟ. ಟಾರ್ಗೆಟ್‌ನ ಕಪ್ಪು ಮಸುಕಾಗಿ ಕಾಣಬೇಕು. ಕಾಣಲಿ ಬಿಡಿ. ನಮ್ಮ ಕಣ್ಣು ಒಂದೇ ಸಲಕ್ಕೆ ಹತ್ತಿರದ್ದನ್ನೂ ದೂರದ್ದನ್ನೂ ಚೆನ್ನಾಗಿ ನೋಡಲಾರದು.

ಯಾಕೆ ಹೀಗೆ? ಎರಡು ಸೈಟುಗಳ ನಡುವೆ ಸುಮಾರು 33 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಫ್ರಂಟ್ ಸೈಟ್ ಕಿಂಡಿಯಲ್ಲಿ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ಆಚೆ ಪೆಲೆಟ್ ಸುಮಾರು 30 ಮಿಲಿಮೀಟರ್ ದೂರ ಬೀಳುತ್ತದೆ. ಅಂದರೆ 7 ಅಂಕ. ಈಗ ಇನ್ನೊಂದು ಲೆಕ್ಕ. ಸೈಟುಗಳು ಸರಿಯಾಗಿ ಕೂತಿವೆ, ಆದರೆ ಇಡೀ ಕೈ 5 ಮಿಲಿಮೀಟರ್ ಪಕ್ಕಕ್ಕೆ ಅಲುಗಿದೆ. ಪೆಲೆಟ್ ಕೂಡ 5 ಮಿಲಿಮೀಟರ್ ಮಾತ್ರ ಸರಿಯುತ್ತದೆ, 10 ಅಂಕ ಹಾಗೇ ಸಿಗುತ್ತದೆ. ಕೈ ನಡುಗುತ್ತದೆ ಎಂದು ಹೆದರಿ ಈ ಆಟ ಬಿಡುವವರಿಗೆ ನಾನು ಹೇಳುವುದು ಇದನ್ನೇ. ಒಲಿಂಪಿಕ್ಸ್‌ಗೆ ಹೋದವರ ಕೈಯೂ ಅಲುಗುತ್ತದೆ. ಅವರು ಸೈಟು ಕೆಡಲು ಬಿಡುವುದಿಲ್ಲ, ಅಷ್ಟೇ.

ಕಪ್ಪಿನ ನಡುವಿಗೆ ಸೈಟ್ ಇಡಬೇಡಿ. ಕಪ್ಪು ಸೈಟು ಕಪ್ಪು ವೃತ್ತದಲ್ಲಿ ಕಾಣೆಯಾಗುತ್ತದೆ. ಬಹಳ ಮಂದಿ ಕಪ್ಪಿನ ಕೆಳಗೆ ಸ್ವಲ್ಪ ಬಿಳಿ ಬಿಟ್ಟು ಅಲ್ಲಿ ನಿಲ್ಲಿಸುತ್ತಾರೆ. ಪೆಲೆಟ್ ನಡುವೆ ಬೀಳುವಂತೆ ಹಿಂದಿನ ಸೈಟನ್ನು ತಿರುಗಿಸಿ ಹೊಂದಿಸಿಕೊಳ್ಳುತ್ತಾರೆ. ಗುರಿ ಇಡದ ಕಣ್ಣನ್ನು ಬಿಗಿಯಾಗಿ ಮುಚ್ಚುವುದೂ ಬೇಡ, ಮುಖವೆಲ್ಲ ಸೋಲುತ್ತದೆ. ಅದರ ಮುಂದೆ ಸಣ್ಣ ಪಟ್ಟಿ ಕಟ್ಟಿಕೊಳ್ಳಬಹುದು.

ಟ್ರಿಗರ್

ಉಸಿರು ತೆಗೆದುಕೊಂಡು ಕೈಯನ್ನು ಟಾರ್ಗೆಟ್‌ಗಿಂತ ಮೇಲೆ ಎತ್ತಿ. ಉಸಿರು ಬಿಡುತ್ತಾ ಕೆಳಗಿಳಿಸಿ. ಗುರಿಯ ಜಾಗಕ್ಕೆ ಬಂದಾಗ ಉಸಿರು ನಿಲ್ಲಲಿ, ಟ್ರಿಗರಿನ ಮೊದಲ ಹಂತದ ಒತ್ತಡ ಆಗಲೇ ಆಗಿರಲಿ. ಉಳಿದ ಒತ್ತಡವನ್ನು ನೇರ ಹಿಂದಕ್ಕೆ, ಒಂದೇ ಸಮನೆ ಹೆಚ್ಚಿಸಿ. 'ಈಗ ಸರಿಯಾಗಿದೆ, ಹೊಡಿ' ಎಂದು ಬೆರಳಿಗೆ ಹೇಳಿದಿರೋ, ಕೆಟ್ಟಿತು. ಬೆರಳು ಜಗ್ಗುತ್ತದೆ, ಅದರ ಜೊತೆ ಮಣಿಕಟ್ಟೂ ಬಾಗುತ್ತದೆ. ಹೊಡೆತ ಆದ ಮೇಲೂ ಒಂದೆರಡು ಸೆಕೆಂಡ್ ಸೈಟನ್ನೇ ನೋಡುತ್ತಿರಿ.

ಏಳೆಂಟು ಸೆಕೆಂಡಿನಲ್ಲಿ ಹೊಡೆತ ಹೋಗಲಿಲ್ಲವಾದರೆ ಕೈ ಇಳಿಸಿ. ಮತ್ತೆ ಮೊದಲಿಂದ. ಕಲಿಯುವವರಿಗೆ ಇದು ಸೋತಂತೆ ಅನಿಸುತ್ತದೆ. ನನ್ನ ಪ್ರಕಾರ ಇದೇ ಈ ಆಟದ ದೊಡ್ಡ ಧೈರ್ಯ. 75 ನಿಮಿಷಕ್ಕೆ 60 ಹೊಡೆತ ಎಂದರೆ ಒಂದಕ್ಕೆ 75 ಸೆಕೆಂಡ್ ಇದೆ. ಕೈ ಇಳಿಸಲು ಬೇಕಾದಷ್ಟು ಸಮಯ ನಿಯಮದಲ್ಲೇ ಕೊಟ್ಟಿದ್ದಾರೆ.

ಮನೆಯ ಗೋಡೆ

ಪಿಸ್ತೂಲ್ ಇಲ್ಲದವರು ಒಂದು ಲೀಟರ್ ನೀರಿನ ಬಾಟಲಿ ತೆಗೆದುಕೊಳ್ಳಿ. ಏರ್ ಪಿಸ್ತೂಲಿನ ತೂಕವೂ ಹೆಚ್ಚುಕಮ್ಮಿ ಒಂದು ಕಿಲೋ. ಚಿಕ್ಕ ಮಕ್ಕಳಿಗೆ ಅರ್ಧ ಲೀಟರ್ ಸಾಕು. ಬಿಳಿ ಗೋಡೆಯಿಂದ ಒಂದೆರಡು ಮೀಟರ್ ದೂರ ನಿಂತು, ಕೈ ಚಾಚಿ ಹಿಡಿದು ಮುಚ್ಚಳದ ಅಂಚಿನ ಮೇಲೆ ಕಣ್ಣು ನೆಡಿ. ಗೋಡೆ ಮಸುಕಾಗಲಿ. ಹತ್ತು ಸೆಕೆಂಡ್ ಹಿಡಿದು, ಇಳಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ. ಭುಜ ನೋಯತೊಡಗಿದರೆ ಅವತ್ತಿಗೆ ನಿಲ್ಲಿಸಿ.

ಪಿಸ್ತೂಲ್ ಸಿಕ್ಕ ಮೇಲೂ ಗೋಡೆ ಬಿಡಬೇಡಿ. ಪಂದ್ಯದ ಪಿಸ್ತೂಲುಗಳಲ್ಲಿ ಗಾಳಿ ಹೋಗದೆ ಟ್ರಿಗರ್ ಮಾತ್ರ ಕೆಲಸ ಮಾಡುವ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ. ಪೆಲೆಟ್ ಇಲ್ಲ ಎಂದು ಎರಡು ಸಲ ನೋಡಿ, ಎದುರಿನ ಕೋಣೆಯಲ್ಲೂ ಯಾರೂ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಗೋಡೆಯ ಮೇಲೆ ಟಾರ್ಗೆಟ್ ಅಂಟಿಸಬೇಡಿ. ಅಂಕದ ಆಸೆ ಇಲ್ಲದಾಗ ಟ್ರಿಗರ್ ಸಿಡಿದ ಕ್ಷಣ ಸೈಟು ಎತ್ತ ಹಾರಿತು ಎಂಬುದು ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಅರ್ಧ ಗಂಟೆ ಇಷ್ಟು ಮಾಡುವ ಹುಡುಗಿ, ವಾರಕ್ಕೊಮ್ಮೆ ರೇಂಜ್‌ನಲ್ಲಿ ಸುಮ್ನೆ ನೂರು ಪೆಲೆಟ್ ಖಾಲಿ ಮಾಡುವವರಿಗಿಂತ ಬೇಗ ಮುಂದೆ ಹೋಗುತ್ತಾಳೆ.

ಪಂದ್ಯಕ್ಕೆ

ರೇಂಜ್‌ನ ಮೌನಕ್ಕೇ ಒಗ್ಗಿಹೋದರೆ ಕಷ್ಟ. ಈಗಿನ ಫೈನಲ್‌ಗಳಲ್ಲಿ ಸಂಗೀತ ಹಾಕುತ್ತಾರೆ, ಜನ ಕೂಗುತ್ತಾರೆ. ದಸರೆಗೆ ಮೊದಲು ಆನೆ, ಕುದುರೆಗಳಿಗೆ ಕುಶಾಲತೋಪಿನ ಸಿಡಿಮದ್ದು ತಾಲೀಮು ಕೊಡುವ ಹಾಗೆ ನಿಮಗೂ ಗದ್ದಲದ ತಾಲೀಮು ಬೇಕು. ಟಿವಿ ಜೋರಾಗಿಟ್ಟು, ತಮ್ಮನನ್ನೋ ತಂಗಿಯನ್ನೋ ಹಿಂದೆ ಮಾತಾಡಲು ಕೂರಿಸಿ ಬಾಟಲಿ ಹಿಡಿಯಿರಿ.

ದಾರಿ ಹೀಗಿದೆ: ಕ್ಲಬ್ಬಿನ ಮೂಲಕ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ರಾಜ್ಯ ಚಾಂಪಿಯನ್‌ಷಿಪ್, ಅಲ್ಲಿ ನಿಗದಿತ ಅಂಕ ಬಂದರೆ ಮೇಲಿನ ಹಂತ, ಆಮೇಲೆ ರಾಷ್ಟ್ರೀಯ ಪಂದ್ಯ. ಪ್ರವೇಶಕ್ಕೆ ವಯಸ್ಸಿನ ದಾಖಲೆ ಕೇಳುತ್ತಾರೆ. 21 ವರ್ಷದೊಳಗಿನವರಿಗೆ ಜೂನಿಯರ್ ವಿಭಾಗವಿದೆ.

ನಿವೃತ್ತಿಯ ನಂತರ ಈ ಆಟಕ್ಕೆ ಬರುವವರೂ ಇದ್ದಾರೆ, ಅವರಿಗೊಂದು ಎಚ್ಚರಿಕೆ. ಬಿ.ಪಿ.ಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಎದೆಬಡಿತ ತಗ್ಗಿಸಿ ಕೈ ಸ್ಥಿರ ಮಾಡುತ್ತವೆ. ಶೂಟಿಂಗ್‌ನಲ್ಲಿ ಅವು ಪಂದ್ಯದ ದಿನ ಮಾತ್ರವಲ್ಲ, ಅಭ್ಯಾಸದ ದಿನಗಳಲ್ಲೂ ನಿಷೇಧ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಪ್ರವೇಶ ಅರ್ಜಿ ತುಂಬಿ.