ಸೂಪರ್‌ಚಾರ್ಜರ್ ಮಿನಿಗೆ ಪ್ಲಗ್ ಹಾಕಕ್ಕೆ ಹೋಗಿ ನಾನು ಮಾಡ್ಕೊಂಡ ಎಡವಟ್ಟುಗಳು

ನನ್ ಹತ್ರ ಇರೋದು 2005ರ ಮಿನಿ ಕೂಪರ್ ಎಸ್, ಆರ್53 ಅಂತಾರಲ್ಲ ಅದು. ಇಂಗ್ಲೆಂಡಿಗೆ ಬಂದು ರೆಡಿಂಗ್‌ನಲ್ಲಿ ಮನೆ ಮಾಡಿದ ಮೇಲೆ ತಗೊಂಡ ಮೊದಲನೇ ಆಟದ ಗಾಡಿ, ಹುಟ್ಟಿದ್ದು ಇಲ್ಲೇ ಪಕ್ಕದ ಆಕ್ಸ್‌ಫರ್ಡ್ ಕೌಲಿ ಫ್ಯಾಕ್ಟರೀಲಿ. 1.6 ಲೀಟರ್ ಎಂಜಿನ್, ಅದರ ಪಕ್ಕದಲ್ಲಿ ಬೆಲ್ಟಿಂದ ತಿರುಗಿ ಎಂಜಿನ್ನಿಗೆ ಗಾಳಿ ತುರುಕೋ ಈಟನ್ ಎಂ45 ಸೂಪರ್‌ಚಾರ್ಜರ್, 170 ಹಾರ್ಸ್‌ಪವರ್. ಆಕ್ಸಲರೇಟರ್ ತುಳಿದ್ರೆ ಮಿಕ್ಸಿ ಹಾಕಿದಂಗೆ ಕುಯ್ಯ್ ಅನ್ನತ್ತೆ, ಆ ಸೌಂಡಿಗೇ ಬಿದ್ದೋಗಿ ತಗೊಂಡೆ ಅಂದ್ರೂ ತಪ್ಪಿಲ್ಲ.

ತಗೊಂಡು ಆರು ತಿಂಗಳಿಗೆ ಕೈ ಸುಮ್ನಿರದೆ 15 ಪರ್ಸೆಂಟ್ ಚಿಕ್ಕ ಪುಲ್ಲಿ ಹಾಕಿಸ್ದೆ. ಪುಲ್ಲಿ ಚಿಕ್ಕದಾದ್ರೆ ಅದೇ ಆರ್‌ಪಿಎಂಗೆ ಸೂಪರ್‌ಚಾರ್ಜರ್ ಜಾಸ್ತಿ ಸುತ್ತು ಹೊಡೆಯತ್ತೆ, ಗಾಳಿ ಜಾಸ್ತಿ ತುರುಕತ್ತೆ. ಮೊದಲು 0.8 ಬಾರ್ ಹತ್ರ ನಿಲ್ತಿದ್ದ ಬೂಸ್ಟ್ (ತುರುಕಿದ ಗಾಳಿಯ ಒತ್ತಡ) ಗೇಜ್ ಈಗ 1ರ ಹತ್ತಿರ ಹೋಗ್ತಿತ್ತು. ಪುಲ್ಲಿ ಜೊತೆಗೆ ಎಂಜಿನ್ ಒಳಗೆ ಕಿಡಿ ಹೊಡೆಯೋ ಸ್ಪಾರ್ಕ್ ಪ್ಲಗ್ಗೂ ಒಂದು ಸ್ಟೆಪ್ ಕೋಲ್ಡ್, ಅಂದ್ರೆ ಬಿಸಿ ಇನ್ನೂ ಬೇಗ ದಾಟಿಸೋ ಅಂಥದ್ದು, ಹಾಕ್ಬೇಕು ಅಂತ ಎಲ್ಲರೂ ಹೇಳೋ ಮಾತು, ಸರಿ ಅಂತ ನಾನೇ ಆರ್ಡರ್ ಮಾಡಿ ನಾನೇ ಹಾಕ್ದೆ. ತಾಪತ್ರಯ ಶುರುವಾಗಿದ್ದು ಅಲ್ಲಿಂದ.

ಮೊದಲನೇ ವಾರ ಏನೂ ಇಲ್ಲ, ಯಾಕಂದ್ರೆ ಮನೆಯಿಂದ ಆಫೀಸಿಗೆ ನಾಲ್ಕೇ ಮೈಲಿ, ಬೂಸ್ಟ್ ಬರೋ ಅಷ್ಟು ತುಳಿಯೋ ಛಾನ್ಸೇ ಇರ್ಲಿಲ್ಲ. ಶನಿವಾರ ಎಂ4 ಹೈವೇ ಹತ್ತೋ ಸ್ಲಿಪ್ ರೋಡಲ್ಲಿ ಥರ್ಡ್ ಗೇರಲ್ಲಿ ಪೂರ್ತಿ ತುಳಿದ್ರೆ ಐದು ಸಾವಿರ ಆರ್‌ಪಿಎಂವರೆಗೂ ಚೆನ್ನಾಗ್ ಎಳೀತು, ಆಮೇಲೆ ಯಾರೋ ಹಿಂದಿಂದ ಕಾಲರ್ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡ್ದಂಗೆ ಜರ್ಕ್ ಜರ್ಕ್ ಜರ್ಕ್. ಕಾಲು ಅರ್ಧ ಎತ್ತಿದ್ರೆ ಸರಿ ಹೋಗತ್ತೆ, ಮತ್ತೆ ತುಳಿದ್ರೆ ಮತ್ತೆ ಮಿಸ್ಸಿಂಗ್. ಹಿಂದೆ ಲಾರಿ ಬರ್ತಿತ್ತು, ಎದೆ ಢವ ಢವ ಅಂತು. ಮನೆಗೆ ಬಂದು ಸ್ಕ್ಯಾನರ್ ಹಾಕಿದ್ರೆ ಪಿ0300, ಅಂದ್ರೆ ಯಾವ್ದೋ ಒಂದು ಸಿಲಿಂಡರ್ ಅಂತಲ್ಲ, ಅಲ್ಲೊಂದು ಇಲ್ಲೊಂದು ಮಿಸ್ ಹೊಡೀತಿದೆ ಅಂತ.

ನಾನು ಏನ್ ಮಾಡ್ಬೇಕಿತ್ತು, ಕೊನೇಲಿ ಕೈ ಹಾಕಿದ್ದನ್ನ ಮೊದಲು ಬಿಚ್ಚಿ ನೋಡ್ಬೇಕಿತ್ತು. ಏನ್ ಮಾಡ್ದೆ, ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಹೋಗಿದೆ ಅಂತ ತೀರ್ಮಾನ ಮಾಡಿ 80 ಪೌಂಡ್ ಕೊಟ್ಟು ಹೊಸ ಕಾಯಿಲ್ ಪ್ಯಾಕ್ ತಂದೆ. ಸರಿ ಹೋಗ್ಲಿಲ್ಲ. ಪ್ಲಗ್ ವೈರ್ ಸೆಟ್ ತಂದೆ. ಊಹೂಂ. ಪ್ಲಗ್ ಹೊಸದು ತಾನೇ, ಅದ್ರಲ್ಲಿ ಏನಿರತ್ತೆ ಅಂತ ಅದನ್ನ ಮುಟ್ಲೇ ಇಲ್ಲ.

ಭಾನುವಾರ ಮೈಸೂರಿಗೆ ವಿಡಿಯೋ ಕಾಲ್ ಮಾಡ್ದಾಗ ಸೋದರಮಾವನ ಹತ್ರ ಈ ಗೋಳು ಹೇಳ್ದೆ. ಅವರು ಯೆಜ್ಡಿ ಇಟ್ಕೊಂಡೇ ಮುದುಕರಾದವರು, ಮೈಸೂರಲ್ಲೇ ತಯಾರಾಗ್ತಿದ್ದ ಗಾಡಿ ಅಲ್ವಾ, ನಮ್ಮ ಬೀದೀಲಿ ಮನೆಗೊಂದು ಇತ್ತು. ಚಿಕ್ಕವನಿದ್ದಾಗ ಭಾನುವಾರ ಬೆಳಗ್ಗೆ ಅವರು ಪ್ಲಗ್ ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಮುರಿದ ಹ್ಯಾಕ್ಸಾ ಬ್ಲೇಡ್ ತುಂಡನ್ನ ಗ್ಯಾಪಲ್ಲಿ, ಅಂದ್ರೆ ನಡುವಿನ ಎಲೆಕ್ಟ್ರೋಡಿಗೂ ಮೇಲಿನ ಕೊಕ್ಕೆಗೂ ಮಧ್ಯ ಕಿಡಿ ಹಾರೋ ಸಂದೀಲಿ, ತೂರಿಸಿ, ಬ್ಲೇಡ್ ಹಿಡಿದೂ ಹಿಡೀದಂಗೆ ಜಾರ್ಬೇಕು ನೋಡು ಅಂತ ನನ್ ಕೈಗೆ ಕೊಡ್ತಿದ್ರು. ಎಲ್ಲಾ ಕೇಳಿಸ್ಕೊಂಡು ಅವರು ಕೇಳಿದ್ದು ಒಂದೇ, "ಗ್ಯಾಪ್ ನೋಡಿದ್ಯೇನೋ?"

"ಇಲ್ಲ ಮಾವ, ಹೊಸ ಪ್ಲಗ್ಗು, ಫ್ಯಾಕ್ಟರೀಲೇ ಸೆಟ್ ಮಾಡಿರ್ತಾರೆ."

"ಯಾರ ಗಾಡಿಗೆ ಸೆಟ್ ಮಾಡಿರ್ತಾರೆ? ನಿಂದಕ್ಕಾ?"

ಫೋನ್ ಇಟ್ಟು ಟಾರ್ಚ್ ಹಿಡ್ಕೊಂಡು ಹೊರಗೆ ಹೋದೆ. ಬಿಚ್ಚಿ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಬ್ಲೇಡುಗಳು) ಹಾಕಿ ನೋಡಿದ್ರೆ ನಾಲ್ಕೂ 1.1 ಮಿಲಿಮೀಟರ್. ಡಬ್ಬಿ ನೋಡಿದ್ರೆ ಬಿಕೆಆರ್7ಇಐಎಕ್ಸ್-11. ಕೊನೇಲಿ ಆ 11 ಅಂತಿದೆಯಲ್ಲ, ಪ್ಲಗ್ ಮಾಡೋ ಕಂಪನಿ ಎನ್‌ಜಿಕೆ ಲೆಕ್ಕದಲ್ಲಿ ಅದರ ಅರ್ಥ ಗ್ಯಾಪ್ 1.1 ಅಂತಲೇ. ಅದೇ ಪ್ಲಗ್ಗು 11 ಇಲ್ಲದೆ ಬರೀ ಬಿಕೆಆರ್7ಇಐಎಕ್ಸ್ ಅಂತ ತಗೊಂಡ್ರೆ 0.8 ಇರತ್ತೆ. ಆರ್ಡರ್ ಮಾಡುವಾಗ ಅದು ಕಣ್ಣಿಗೆ ಬಿದ್ದಿತ್ತು, ಪ್ಯಾಕ್ ಸೈಜೋ ಏನೋ ಇರ್ಬೇಕು ಅಂದ್ಕೊಂಡಿದ್ದೆ. ತಪ್ಪು ಪೂರಾ ನಂದೇ.

1.1 ಯಾಕೆ ಆಗಲ್ಲ ಅಂತ ನಾನು ಅರ್ಥ ಮಾಡ್ಕೊಂಡಿದ್ದು ಹಿಂಗೆ. ಮಾಮೂಲಿ ಗಾಳೀಲಿ ಒಂದು ಮಿಲಿಮೀಟರ್ ದೂರ ಕಿಡಿ ಹಾರಕ್ಕೆ ಹತ್ತತ್ರ ಮೂರು ಸಾವಿರ ವೋಲ್ಟ್ ಬೇಕು. ಸಿಲಿಂಡರ್ ಒಳಗೆ ಗಾಳಿ ಒತ್ತಿ ಒತ್ತಿ ದಟ್ಟ ಆಗಿರತ್ತೆ, ದಟ್ಟ ಆದಷ್ಟೂ ಕಿಡಿ ದಾಟೋದು ಕಷ್ಟ. ಅದ್ರ ಮೇಲೆ 1 ಬಾರ್ ಬೂಸ್ಟ್ ಅಂದ್ರೆ ಸೂಪರ್‌ಚಾರ್ಜರ್ ಇಲ್ಲದ ಗಾಡೀಗಿಂತ ಹೆಚ್ಚುಕಮ್ಮಿ ಎರಡರಷ್ಟು ಗಾಳಿ ಅದೇ ಜಾಗಕ್ಕೆ ತುಂಬ್ದಂಗೆ. ದಟ್ಟಣೆ ಡಬಲ್ ಆದ್ರೆ ಅದೇ ಗ್ಯಾಪಿಗೆ ಬೇಕಾದ ವೋಲ್ಟೇಜೂ ಆ ಕಡೆಗೇ ಏರತ್ತೆ, ಕಾಯಿಲ್ ಕೊಡೋದಕ್ಕೆ ಒಂದು ಮಿತಿ ಇದೆ, ಮೇಲಿನ ಆರ್‌ಪಿಎಂನಲ್ಲಿ ಅದಕ್ಕೆ ಚಾರ್ಜ್ ಆಗಕ್ಕೂ ಟೈಮ್ ಕಮ್ಮಿ. ಅದಕ್ಕೇ ಐಡಲಲ್ಲಿ ಬೆಣ್ಣೆ ಥರ ಇದ್ದ ಗಾಡಿ ಬೂಸ್ಟ್ ಪೂರ್ತಿ ಬಂದಾಗ ಮಾತ್ರ ಸತ್ತೋಗ್ತಿತ್ತು. ಇದನ್ನ ಹಂಗೇ ಓಡಿಸ್ಬಾರ್ದು, ಉರೀದೇ ಇರೋ ಪೆಟ್ರೋಲ್ ಸೀದಾ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೂ ತಿಂದ್ಹಾಕತ್ತೆ.

ಸರಿ, ಬಗ್ಗಿಸಿ 0.7 ಮಾಡೋಣ ಅಂತ ಕೀಚೈನಲ್ಲಿ ಬರೋ ನಾಣ್ಯದ ಥರದ ಗೇಜ್ ತಗೊಂಡೆ. ಇಲ್ಲಿ ಎರಡನೇ ಎಡವಟ್ಟು. ಇರಿಡಿಯಂ ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ ತುದಿ 0.6 ಮಿಲಿಮೀಟರ್ ದಪ್ಪ ಅಷ್ಟೇ, ಪಿನ್ನಿನ ಥರ, ಗಟ್ಟಿ ಆದ್ರೆ ಪೆಡಸು. ಮೊದಲು ಮೇಲಿನ ಕೊಕ್ಕೆ ಕುಟ್ಟಿದ್ದು ಜಾಸ್ತಿ ಆಯ್ತು, ವಾಪಸ್ ಅಗಲ ಮಾಡೋಣ ಅಂತ ನಾಣ್ಯ ತೂರಿಸಿ ಮೀಟಿದೆ, ಭಾರ ಎಲ್ಲಾ ಆ ಪಿನ್ನಿನ ಮೇಲೆ ಬಿದ್ದು ಟಿಕ್ ಅಂತ ತುದಿ ಹಾರಿ ಹೋಯ್ತು. ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಹತ್ತು ಪೌಂಡಿನ ಪ್ಲಗ್ ಒಂದು ಕ್ಷಣದಲ್ಲಿ ಕಸ. ಆಮೇಲೆ ತಿಳೀತು, ಎನ್‌ಜಿಕೆಯವರೇ ಹೇಳ್ತಾರೆ, ಇದ್ದ ಗ್ಯಾಪಿಂದ 0.2ಕ್ಕಿಂತ ಜಾಸ್ತಿ ಆ ಕಡೆ ಈ ಕಡೆ ಬಗ್ಗಿಸ್ಬೇಡಿ ಅಂತ. 1.1ನ 0.7 ಮಾಡಿದ್ರೆ ಕೊಕ್ಕೆ ಇಳಿಜಾರಾಗಿ ನಿಲ್ಲತ್ತೆ, ಒಂದು ಮೂಲೆ ಹತ್ರ ಇನ್ನೊಂದು ಮೂಲೆ ದೂರ. ಬೇಕಾದ ಗ್ಯಾಪಿಗೆ ಹತ್ರ ಇರೋದನ್ನೇ ತಗೊಂಡು ಒಂಚೂರು ತಿದ್ದೋದು ಸರಿ.

ಕಂಪನಿ ಪ್ಲಗ್ ಯಾಕೆ ಹಾಕ್ಲಿಲ್ಲ ಅಂತ ಕೇಳ್ಬೋದು. ಕಂಪನಿಯಿಂದ ಬರೋದು ಬಿಕೆಆರ್6ಇಕ್ಯೂಯುಪಿ, ನಡುವೆ ಒಂದು, ಸುತ್ತ ನಾಲ್ಕು ಕಾಲು, ಒಳ್ಳೇ ಪ್ಲಗ್ಗೇ, ಅದ್ರಲ್ಲೇ ಒಂದು ಸ್ಟೆಪ್ ಕೋಲ್ಡ್ ಆದ 7 ನಂಬರಿಂದೂ ಸಿಗತ್ತೆ. ಆದ್ರೆ ನಾಲ್ಕು ಕಾಲಿರೋದಕ್ಕೆ ಗ್ಯಾಪ್ ತಿದ್ದೋ ಹಂಗಿಲ್ಲ, ಅದು ಹೆಂಗಿದೆಯೋ ಹಂಗೆ. ತಲೆನೋವೇ ಬೇಡ ಅನ್ನೋರಿಗೆ ಅದೇ 7 ಹಾಕಿ ಮರೆತುಬಿಡಿ ಅಂತೀನಿ. ನಂಗೆ ಕೆರ್ಕೊಳ್ಳೋ ಚಟ.

ಈಗ ಕೋಲ್ಡ್ ಹಾಟ್ ವಿಷ್ಯ. ಇದಕ್ಕೂ ಕಿಡಿ ಜೋರಿಗೂ ಸಂಬಂಧ ಇಲ್ಲ, ಪ್ಲಗ್ ತುದಿ ಬಿಸಿ ಎಷ್ಟು ಬೇಗ ಎಂಜಿನ್ ಹೆಡ್‌ಗೆ ದಾಟಿಸತ್ತೆ ಅನ್ನೋದು ಅಷ್ಟೇ. ಗಿಡ್ಡ ಹಿಡಿ ಸೌಟು ಬೇಗ ಕೈ ಸುಡತ್ತಲ್ಲ, ಅಂದ್ರೆ ಬಿಸಿ ಬೇಗ ಕೈಗೆ ಬಂತು, ಹಂಗೇ ಕೋಲ್ಡ್ ಪ್ಲಗ್ಗಲ್ಲಿ ಒಳಗಿನ ಪಿಂಗಾಣಿ ಮೂತಿ ಗಿಡ್ಡ, ಬಿಸಿ ಬೇಗ ಹೆಡ್‌ಗೆ ಹೋಗತ್ತೆ. ತುದಿ 450 ಡಿಗ್ರಿ ಮೇಲಿದ್ರೆ ಮಸಿ ತಾನೇ ಸುಟ್ಕೊಂಡು ಹೋಗತ್ತೆ, 850 ದಾಟಿದ್ರೆ ಪ್ಲಗ್ಗೇ ಕೆಂಡ ಆಗಿ ಕಿಡಿ ಬರೋಕ್ ಮುಂಚೇನೇ ಪೆಟ್ರೋಲ್ ಹತ್ಕೊಳತ್ತೆ, ಪಿಸ್ಟನ್ ಕಥೆ ಮುಗೀತು. 75ರಿಂದ 100 ಹಾರ್ಸ್‌ಪವರ್ ಏರಿಸಿದ್ರೆ ಒಂದು ಸ್ಟೆಪ್ ಕೋಲ್ಡ್ ಅನ್ನೋದು ಒಂದು ರಫ್ ಲೆಕ್ಕ. ನನ್ನ ಪುಲ್ಲಿ ಅಷ್ಟೇನೂ ಏರಿಸಿಲ್ಲ, ಆದ್ರೂ ಬೂಸ್ಟ್ ಗಾಡಿ ಅಂತ ಒಂದು ಸ್ಟೆಪ್ ಜಾಸ್ತಿ ಸೇಫ್ ಇರ್ಲಿ ಅಂತ 7.

ನಂಬರ್ ವಿಷ್ಯದಲ್ಲಿ ಒಂದು ಗುಂಡಿ ಇದೆ, ಬಿದ್ದೀರ. ಎನ್‌ಜಿಕೆ, ಡೆನ್ಸೋದಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡು. ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ನಂಬರ್ ದೊಡ್ಡದಾದಷ್ಟೂ ಹಾಟು. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿ ಬೂಸ್ಟ್ ಗಾಡಿಗೆ ಹಾಟ್ ಪ್ಲಗ್ ಹಾಕಿದ್ರೆ ಬಿಲ್ಲು ಪ್ಲಗ್ಗಿಗಲ್ಲ, ಎಂಜಿನ್ನಿಗೆ ಬರತ್ತೆ.

ಇಷ್ಟೆಲ್ಲಾ ಗೊತ್ತಿದ್ದೂ ಮೂರನೇ ಎಡವಟ್ಟು ಮಾಡ್ದೆ ನೋಡಿ. ಟ್ರ್ಯಾಕ್‌ಗೆ ಹೋಗೋ ಗೆಳೆಯ ಒಬ್ಬ, ಅವನೂ ನಮ್ಮ ಕಡೆಯವನೇ, "ಗುರು 7 ಯಾಕೆ, ಸೀದಾ 8 ಹಾಕು, ಸೇಫು" ಅಂದ. ಕೇಳ್ದೆ. ನವೆಂಬರ್ ತಿಂಗಳು, ಹೊರಗೆ 3 ಡಿಗ್ರಿ, ನನ್ನ ಓಡಾಟ ನಾಲ್ಕು ಮೈಲಿ, ಎಂಜಿನ್ ಬಿಸಿ ಆಗೋಷ್ಟ್ರಲ್ಲಿ ಆಫೀಸ್ ಬಂದಿರತ್ತೆ. ಮೂರನೇ ವಾರಕ್ಕೆ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಮೂರೇ ಸಿಲಿಂಡರಲ್ಲಿ ಗಡ ಗಡ ಅಂತ ನಡುಗ್ತಿತ್ತು. ಬಿಚ್ಚಿದ್ರೆ ನಾಲ್ಕೂ ಹಂಚಿನ ತಳದ ಥರ ಕಪ್ಪು, ಒಣ ಮಸಿ, ಬೆರಳಿಗೆ ಅಂಟೋ ಅಂಥದ್ದು. ನಮ್ಮೂರ ಮೆಕ್ಯಾನಿಕ್ ಭಾಷೇಲಿ ಪ್ಲಗ್ ಶಾರ್ಟ್ ಆಗಿತ್ತು, ಕಿಡಿ ಗ್ಯಾಪ್ ಹಾರೋ ಬದಲು ಮಸಿ ಮೇಲೆ ಹರಿದು ಹೋಗ್ತಿತ್ತು. ಅವನಿಗೆ 8 ಸರಿ, ಅವನು ಇಪ್ಪತ್ತು ನಿಮಿಷ ಕಾಲೇ ಎತ್ತದೆ ಓಡಿಸ್ತಾನೆ. ನಂದು ಹಾಲು ತರೋ ಗಾಡಿ.

ಹಂಗಾಗಿ ಕೊನೆಗೆ ಬರೀ ಬಿಕೆಆರ್7ಇಐಎಕ್ಸ್, ಡಬ್ಬೀಲಿ 0.8. ಗ್ಯಾಪ್ ತಿದ್ದಿದ್ದು ಹಿಂಗೆ: ಮೊದಲು ನಾಲ್ಕನ್ನೂ ಅಳೆದೆ, ಹೊಸದ್ರಲ್ಲೇ ಒಂದು 0.77 ಇನ್ನೊಂದು 0.82 ಇತ್ತು. ಮೂತಿ ಚೂಪಿರೋ ಚಿಕ್ಕ ಪ್ಲೈಯರ್‌ಗೆ ಟೇಪ್ ಸುತ್ತಿ ಮೇಲಿನ ಕೊಕ್ಕೆ ಮಾತ್ರ ಹಿಡಿದು ಕೂದಲೆಳೆಯಷ್ಟು ಒತ್ತೋದು, ಅಳೆಯೋದು, ಮತ್ತೆ ಒತ್ತೋದು. ನಡುವಿನ ಪಿನ್ನಿಗೆ ಏನೂ ತಾಗಿಸ್ಲಿಲ್ಲ, ಗೇಜೂ ತುರುಕಲಿಲ್ಲ, ಬರೀ ಜಾರಿಸ್ದೆ. 0.7 ಬ್ಲೇಡ್ ಹಿಡಿದೂ ಹಿಡೀದಂಗೆ ಹೋಗ್ಬೇಕು, 0.75 ಹೋಗ್ಲೇಬಾರ್ದು. ಕುತೂಹಲಕ್ಕೆ ಶೆಡ್‌ನಲ್ಲಿದ್ದ ಹ್ಯಾಕ್ಸಾ ಬ್ಲೇಡ್ ದಪ್ಪ ಅಳೆದೆ, 0.63 ಬಂತು. ಮಾವನ ಬ್ಲೇಡೂ ಅಷ್ಟೇ ಇದ್ದಿರತ್ತೆ.

ಇನ್ನೂ ಕಮ್ಮಿ ಮಾಡಿದ್ರೆ ಇನ್ನೂ ಸೇಫ್ ಅಲ್ವಾ ಅಂತ ಒಂದು ವಾರ 0.55ನೂ ನೋಡ್ದೆ, ಅದಕ್ಕೆ ಬೇರೆ ಮಾಮೂಲಿ ತಾಮ್ರದ ಸೆಟ್ ತಂದಿದ್ದೆ, ಇರಿಡಿಯಂ ಹಾಳು ಮಾಡೋದು ಬೇಡ ಅಂತ. ಮೇಲೆ ಒಂದೂ ಮಿಸ್ ಇಲ್ಲ, ಆದ್ರೆ ಸಿಗ್ನಲ್ಲಲ್ಲಿ ನಿಂತಾಗ ಎಂಜಿನ್ ಬಿಕ್ಕಳಿಸ್ತಿತ್ತು. ಕಿಡಿ ತೀರಾ ಚಿಕ್ಕದಾದ್ರೆ ಹೊತ್ಕೊಂಡ ಬೆಂಕಿ ಎರಡು ಲೋಹದ ಮಧ್ಯ ಸಿಕ್ಕಾಕೊಂಡು ಅಲ್ಲೇ ತಣ್ಣಗಾಗತ್ತೆ, ಐಡಲಲ್ಲಿ ಅದು ಗೊತ್ತಾಗತ್ತೆ. ಅದಕ್ಕೇ ನನ್ನ ಲೆಕ್ಕ ಏನಂದ್ರೆ, ಪೂರ್ತಿ ಬೂಸ್ಟಲ್ಲಿ ಮಿಸ್ ಹೊಡೀದೆ ಇರೋವಷ್ಟು ಮಾತ್ರ ಕಮ್ಮಿ ಮಾಡಿ, ಅಲ್ಲಿಗೆ ನಿಲ್ಸಿ. ನನ್ನ ಗಾಡಿಗೆ ಅದು 0.7. ನಿಮ್ಮದಕ್ಕೆ ಬೇರೆ ಇರ್ಬೋದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ಲಗ್ಗು ಕಾಯಿಲ್ಲು ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದ್ರಿಂದ ಸರಿ ಹೋಯ್ತು ಅಂತ ದೇವರಾಣೆಗೂ ಗೊತ್ತಾಗಲ್ಲ.

ಹಾಕೋ ವಿಧಾನ ಎಲ್ರಿಗೂ ಗೊತ್ತಿರೋದೇ, ಬೇಗ ಹೇಳ್ತೀನಿ. ಎಂಜಿನ್ ಪೂರ್ತಿ ತಣ್ಣಗಿರ್ಬೇಕು, ಹೆಡ್ ಅಲ್ಯೂಮಿನಿಯಂ. ಬಿಚ್ಚೋ ಮುಂಚೆ ಪ್ಲಗ್ ಗುಂಡಿಗೆ ಗಾಳಿ ಹೊಡೆದು ಮಣ್ಣು ತೆಗೀರಿ. ವೈರ್ ಹಿಡಿದು ಎಳೀಬೇಡಿ, ರಬ್ಬರ್ ಬೂಟ್ ತಿರುಗಿಸಿ ಎಳೀರಿ. ಹೊಸದನ್ನ ಹಾಕುವಾಗ ಪ್ಲಗ್ ಹಿಂಭಾಗಕ್ಕೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಅದರಲ್ಲೇ ತಿರುಗಿಸ್ತೀನಿ, ಥ್ರೆಡ್ ಓರೆಯಾದ್ರೆ ಪೈಪ್ ಜಾರತ್ತೆ, ಹೆಡ್ ಉಳಿಯತ್ತೆ. ಕೊನೇಲಿ ಟಾರ್ಕ್ ರೆಂಚ್, 27 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಪೇಸ್ಟ್ ಏನೂ ಹಚ್ಚಲ್ಲ, ಹಚ್ಚಿದ್ರೆ ಜಾರಿ ಜಾರಿ ಜಾಸ್ತಿ ಟೈಟ್ ಆಗತ್ತೆ.

ಹನ್ನೆರಡು ಸಾವಿರ ಮೈಲಿ ಆದ್ಮೇಲೆ ಮೊನ್ನೆ ಬಿಚ್ಚಿ ನೋಡ್ದೆ. ಪಿಂಗಾಣಿ ಕಾಫಿಗೆ ಹಾಲು ಜಾಸ್ತಿ ಬಿದ್ದ ಬಣ್ಣ, ಬಿಳಿ ಗುಳ್ಳೆ ಇಲ್ಲ, ಮೆಣಸಿನ ಪುಡಿ ಉದುರಿಸ್ದಂಗೆ ಚುಕ್ಕೆ ಇಲ್ಲ, ಆ ಚುಕ್ಕೆ ಇದ್ರೆ ನಾಕಿಂಗ್, ಅಂದ್ರೆ ಪೆಟ್ರೋಲ್ ಕಿಡಿಯ ಬೆಂಕಿ ತಲುಪೋ ಮುಂಚೆ ತಾನೇ ಸಿಡಿಯೋದು, ಆಗ್ತಿದೆ ಅಂತ, ಗಾಡಿ ನಿಲ್ಸಿ ಟ್ಯೂನ್ ನೋಡಿಸ್ಬೇಕು. ಒಂದು ಮಜಾ ಅಂದ್ರೆ ನಾಲ್ಕರಲ್ಲಿ ಎರಡರ ಕೊಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಸವೆದಿತ್ತು. ಈ ಗಾಡೀಲಿ ಒಂದು ಕಾಯಿಲ್ ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡತ್ತೆ, 1-4 ಒಂದು ಜೋಡಿ, 2-3 ಒಂದು ಜೋಡಿ, ಕರೆಂಟ್ ಒಂದರಲ್ಲಿ ನಡುವಿಂದ ಕೊಕ್ಕೆಗೆ ಹಾರಿದ್ರೆ ಜೋಡೀಲಿ ಇನ್ನೊಂದರಲ್ಲಿ ಕೊಕ್ಕೆಯಿಂದ ನಡುವಿಗೆ. ಹಂಗಾಗಿ ಅವೆರಡು 0.74, ಮಿಕ್ಕಿದ್ದು 0.71. ಎರಡನ್ನ ಮತ್ತೆ 0.7ಕ್ಕೆ ತಂದು, ಜಾಗ ಅದಲು ಬದಲು ಮಾಡಿ ಹಾಕಿದೀನಿ.

ತುದಿ ಮುರಿದ ಪ್ಲಗ್ಗನ್ನ ಎಸೆದಿಲ್ಲ. ಡಿಸೆಂಬರಲ್ಲಿ ಊರಿಗೆ ಹೋಗುವಾಗ ತಗೊಂಡ್ ಬಾ, ಅದೇನು ಇರಿಡಿಯಂ ಅಂತ ನೋಡ್ತೀನಿ ಅಂತ ಮಾವ ಹೇಳಿದಾರೆ, ಸೂಟ್‌ಕೇಸಲ್ಲಿ ಆಗಲೇ ಹಾಕಿಟ್ಟಿದೀನಿ.